ಪೌಡರ್ ಹಚ್ಚದೆ ಹೊರಟ ದಿನ

ನಮ್ಮ ಮನೆಯ ಕನ್ನಡಿಯ ಕೆಳಗೆ ಒಂದು ಸಣ್ಣ ಗೂಡಿದೆ. ಹಲ್ಲು ಮುರಿದ ಬಾಚಣಿಗೆ, ಹಣೆಯ ಟಿಕಳಿ ಪಾಕೀಟು, ಯಾವ ಕೀಲಿಯದೆಂದು ಯಾರಿಗೂ ನೆನಪಿಲ್ಲದ ಒಂದು ಕೀಲಿಕೈ, ಇವುಗಳ ನಡುವೆ ಗುಲಾಬಿ ಬಣ್ಣದ ಪೌಡರ್ ಡಬ್ಬಿ. ಜಳಕ ಮುಗಿಸಿ ಬಂದ ಕೂಡಲೇ ನನ್ನ ಕೈ ಅದರ ಕಡೆಗೆ ತಾನಾಗಿಯೇ ಹೋಗುತ್ತದೆ. ಅದಕ್ಕೆ ನನ್ನ ಅಪ್ಪಣೆ ಬೇಕಾಗಿಲ್ಲ. ಹೋದ ವರ್ಷದ ಒಂದು ಮಂಗಳವಾರ ಮಾತ್ರ ಆ ಕೈಯನ್ನು ತಡೆಯಬೇಕಿತ್ತು. ಮರೆತುಬಿಟ್ಟೇನೆಂದು ಹಿಂದಿನ ದಿನವೇ ಡಬ್ಬಿಗೆ ರಬ್ಬರ್ ಬ್ಯಾಂಡ್ ಸುತ್ತಿ, "ಇವತ್ತ ಬ್ಯಾಡ" ಎಂದು ಬರೆದ ಚೀಟಿ ಸಿಕ್ಕಿಸಿದ್ದೆ. ಐವತ್ತರ ಹೆಂಗಸು ತನಗೆ ತಾನೇ ಚೀಟಿ ಬರೆದುಕೊಳ್ಳುವುದನ್ನು ನೋಡಿ ನಮ್ಮ ಮನೆಯವರು, "ಇನ್ನ ಸ್ವಲ್ಪ ದಿನಕ್ಕ ನನಗೂ ಒಂದು ಚೀಟಿ ಅಂಟಸ್ತಿ, ಇಂವ ನನ್ನ ಗಂಡ ಅಂತ" ಎಂದರು.

ಪೌಡರ್ ಹಚ್ಚದೆ ನಾನು ಮನೆಯ ಹೊಸ್ತಿಲು ದಾಟಿದ್ದು ಕಡಿಮೆ. ಧಾರವಾಡದಲ್ಲಿ ಸಣ್ಣವರಿದ್ದಾಗ ಅಕ್ಕನಿಗೂ ನನಗೂ ಸೇರಿ ಒಂದೇ ಡಬ್ಬಿ. ಅವ್ವ ಅದನ್ನು ಕಪಾಟಿನ ಮೇಲಿನ ಹಲಗೆಯಲ್ಲಿಟ್ಟು ದಿನಕ್ಕೊಮ್ಮೆ ಇಳಿಸುತ್ತಿದ್ದಳು. ಸಾಲಿಗೆ ಹೋಗುವ ಹೊತ್ತಿಗೆ ಕನ್ನಡಿಯ ಮುಂದೆ ಅಪ್ಪನ ದಾಡಿ ನಡೆದಿರುತ್ತಿತ್ತು. ಹೀಗಾಗಿ ಅಕ್ಕ ನನಗೆ ಹಚ್ಚುವುದು, ನಾನು ಅಕ್ಕನಿಗೆ ಹಚ್ಚುವುದು. ನನ್ನ ಮುಖ ಹೇಗಿದೆಯೆಂದು ನನಗೆ ಹೇಳುತ್ತಿದ್ದವಳು ಅವಳೇ. ಗದ್ದ ಹಿಡಿದು, ಕಿವಿಯ ಹಿಂದೆ, ಕುತ್ತಿಗೆಯ ತನಕ ಸವರಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿ, "ಹಿಟ್ಟಿನ ಗಿರಣ್ಯಾಗಿಂದ ಎದ್ದ ಬಂದಂಗ ಕಾಣಸ್ತಿ, ನಡಿ" ಎನ್ನುತ್ತಿದ್ದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು. ನಾಲ್ಕು ವರ್ಷದ ಅಧಿಕಾರವನ್ನು ಅವಳು ಇವತ್ತಿಗೂ ಬಿಟ್ಟುಕೊಟ್ಟಿಲ್ಲ.

ನಾನು ದೊಡ್ಡವಳಾಗುವ ವರ್ಷ ಪಾಟೀಚೀಲವನ್ನು ಬೆನ್ನಿನಿಂದ ಎದೆಗೆ ತಂದುಕೊಳ್ಳಲು ಕಲಿಸಿದವಳೂ ಅವಳೇ. ಬೆನ್ನು ಸ್ವಲ್ಪ ಬಾಗಿಸಿ, ಚೀಲವನ್ನು ಎರಡೂ ಕೈಯಲ್ಲಿ ಅಪ್ಪಿ ನಡೆಯಬೇಕು. ಒಳಗೆ ಎರಡು ಪದರಿನ ಪೆಟಿಕೋಟು. ನಮ್ಮ ಓಣಿಯ ಟೇಲರ್ ಮಾಮಾ ಯಾರ ಮೈಯ ಅಳತೆಯನ್ನೂ ತೆಗೆದುಕೊಂಡವರಲ್ಲ. ಹಳೆಯ ಜಂಪರೊಂದನ್ನು ಕೊಟ್ಟು ಬರಬೇಕು, ಅದೇ ಅಳತೆ. "ಇದಕ್ಕಿಂತ ಒಂದ ಬಟ್ಟು ಸಡಲ ಇರ್ಲಿ" ಎಂದು ಅವ್ವ ಬಾಗಿಲಲ್ಲಿ ನಿಂತು, ಗೋಡೆಗೆ ಹೇಳಿದಂತೆ ಹೇಳುತ್ತಿದ್ದಳು. ಅವರೂ ಮಶೀನಿಗೆ ಹೇಳಿದಂತೆ "ಆತ್ರೀ" ಎನ್ನುತ್ತಿದ್ದರು. ನಿಮ್ಮ ಮನೆಗಳಲ್ಲೂ ಹೀಗೇ ಇದ್ದಿರಬೇಕು. ತಲೆನೋವು, ಹೊಟ್ಟೆನೋವು, ಮೊಣಕಾಲು ನೋವು ಎಲ್ಲಕ್ಕೂ ಹೆಸರಿತ್ತು. ಆ ಒಂದು ಜಾಗಕ್ಕೆ ಮಾತ್ರ ಹೆಸರಿರಲಿಲ್ಲ. ಕೂಸಿಗೆ ಹಾಲು ಕುಡಿಸುವಷ್ಟು ದಿನ ಒಂದು ಹೆಸರು ಬರುತ್ತಿತ್ತು, ಕೂಸು ಹಾಲು ಬಿಟ್ಟ ಮೇಲೆ ಅದೂ ಹೋಗುತ್ತಿತ್ತು.

ಮೂರು ವರ್ಷದ ಹಿಂದೆ ಅಕ್ಕ ಧಾರವಾಡದಿಂದ ಫೋನ್ ಮಾಡಿದಳು. ಮಗಳ ಮದುವೆ ಮುಗಿದು ಇನ್ನೂ ಹದಿನೈದು ದಿನವಾಗಿರಲಿಲ್ಲ. ಚಪ್ಪರದವರು, ಅಡಿಗೆಯವರು, ಬೀಗರ ಮುನಿಸು ಎಲ್ಲ ಮಾತಾಡಿ ಆದ ಮೇಲೆ, "ನೀಲಿ, ಅಲ್ಲೆ ಒಂದ ಗಂಟ ಆಗೇದ" ಎಂದಳು.

"ಎಲ್ಲೆ?"

"ಅಲ್ಲೆ."

ನನಗೆ ತಿಳಿಯಿತು. ಎಷ್ಟು ದಿನದಿಂದ ಎಂದು ಕೇಳಿದೆ. ಎಂಟು ತಿಂಗಳು. ಮೊದಲು ಕಡಲೆಕಾಳಿನಷ್ಟಿತ್ತಂತೆ. ಮದುವೆ ಗೊತ್ತಾಗಿತ್ತು, ಬೀಗರಿಗೆ ಗೊತ್ತಾದರೆ ಏನಂದುಕೊಂಡಾರು ಎಂದು ಸುಮ್ಮನಿದ್ದಳು. ಅಕ್ಷತೆ ಬೀಳುವ ಹೊತ್ತಿಗೆ ಅದು ನಿಂಬೆಕಾಯಿಯಷ್ಟಾಗಿತ್ತು. ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ಒಂದು ಬದಿಯನ್ನು ಪೂರ್ತಿ ತೆಗೆದರು. ಕೂದಲು ಹೋಯಿತು, ಮತ್ತೆ ಬಂದಿತು. ಬರುವಾಗ ಗುಂಗುರಾಗಿ ಬಂದಿತು. ಈಗ ಆರಾಮಿದ್ದಾಳೆ, ಆರು ತಿಂಗಳಿಗೊಮ್ಮೆ ತೋರಿಸಿ ಬರುತ್ತಾಳೆ. ಆಗಲೇ ಅಲ್ಲಿನ ಡಾಕ್ಟರು ಅವಳಿಗೆ, "ನಿಮಗ ತಂಗಿ ಇದ್ದರ ಅವರದೂ ತಪಾಸಣಿ ಆಗಬೇಕ್ರಿ" ಎಂದಿದ್ದರು.

ಅಂದಿನಿಂದ ಪ್ರತಿ ರವಿವಾರ ಅಕ್ಕನದು ಒಂದೇ ಪ್ರಶ್ನೆ: "ಮಾಡಿಸ್ಕೊಂಡಿ?"

ಇಲ್ಲ ಎನ್ನಲು ನನ್ನ ಹತ್ತಿರ ಎರಡು ವರ್ಷಕ್ಕೆ ಸಾಕಾಗುವಷ್ಟು ಕಾರಣಗಳಿದ್ದವು. ಅತ್ತೆಯವರ ಕಣ್ಣಿನ ಆಪರೇಶನ್. ಇವರ ಶುಗರ್. ಮಗಳ ಪರೀಕ್ಷೆ. ದೀಪಾವಳಿಯ ಫರಾಳ, ಚಕ್ಕುಲಿ ಉಂಡಿ. ಮನೆಯ ಬಣ್ಣ. ನಮ್ಮ ಕಪಾಟಿನಲ್ಲಿ ಒಬ್ಬೊಬ್ಬರ ಆಸ್ಪತ್ರೆ ಕಾಗದಗಳಿಗೆ ಒಂದೊಂದು ಬಟ್ಟೆಯ ಚೀಲ ಹೊಲಿದಿಟ್ಟಿದ್ದೇನೆ. ಅತ್ತೆಯವರದು ಹಸಿರು, ಇವರದು ನೀಲಿ, ಮಗಳದು ಹೂವಿನದು. ಅವರವರ ಚೀಲ ಹಿಡಿದು ಅವರವರ ಹಿಂದೆ ಪುಣೆಯ ದವಾಖಾನೆಗಳ ಬೆಂಚಿನ ಮೇಲೆ ಕೂತೂ ಕೂತು ನನಗೆ ಸಾಕಾಗಿದೆ. ನನ್ನ ಹೆಸರಿನ ಚೀಲ ಇರಲಿಲ್ಲ. ಹೊಲಿದರೆ ತುಂಬಿಕೊಳ್ಳುತ್ತದೆ ಎಂಬ ಹೆದರಿಕೆ. ಇದನ್ನು ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ. ನೋಡುವ ತನಕ ಏನೂ ಇರುವುದಿಲ್ಲ, ನೋಡಿದ ಮೇಲೆ ಇರುತ್ತದೆ: ಇದು ನನ್ನ ವೈದ್ಯಶಾಸ್ತ್ರ. ಅಕ್ಕನ ರಕ್ತವೇ ನನ್ನ ಮೈಯಲ್ಲಿಯೂ ಇದೆ ಎಂಬುದನ್ನು ಆ ಶಾಸ್ತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಒಂದು ರವಿವಾರ ಅಕ್ಕ ಪ್ರಶ್ನೆ ಕೇಳಲಿಲ್ಲ. "ನಾ ಇರೂದ್ರಾಗ ಹೋಗಿ ಬಾರವಾ" ಎಂದಷ್ಟೇ ಹೇಳಿ ಫೋನ್ ಇಟ್ಟುಬಿಟ್ಟಳು. ಸೋಮವಾರ ನಾನು ತಪಾಸಣೆಗೆ ಹೆಸರು ಹಚ್ಚಿಸಿದೆ.

ಫೋನಿನಲ್ಲಿ ಒಬ್ಬ ಹುಡುಗಿ ಮರಾಠಿಯಲ್ಲಿ ಮುಟ್ಟಿನ ತಾರೀಖು ಕೇಳಿದಳು. ಮುಟ್ಟು ಮುಗಿದ ವಾರದಲ್ಲಿ ಬಂದರೆ ಎದೆ ಬಿಗಿದಿರುವುದಿಲ್ಲ, ನೋವು ಕಡಿಮೆ ಎಂದಳು. ನಾನು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತೆ. ಗ್ಯಾಸ್ ಬಂದ ದಿನ, ಹಾಲು ಬರದ ದಿನ, ಏಕಾದಶಿ, ಮನೆಗೆಲಸಕ್ಕೆ ಬರುವ ಬಾಯಿಯ ರಜೆ, ಎಲ್ಲವೂ ಆ ಚೌಕಗಳಲ್ಲಿದೆ. ನನ್ನ ತಾರೀಖಿಗೆ ಮಾತ್ರ ಪೆನ್ಸಿಲ್ಲಿನ ಒಂದು ಚುಕ್ಕೆ. ಈಚೆಗೆ ಆ ಚುಕ್ಕೆಗಳು ಮನಸ್ಸಿಗೆ ಬಂದಂತೆ ಬೀಳುತ್ತವೆ, ಒಮ್ಮೊಮ್ಮೆ ಎರಡು ಹಾಳೆ ಮಗುಚಿದರೂ ಸಿಗುವುದಿಲ್ಲ. ನೊಣದ ಹೊಲಸು ಯಾವುದು, ನನ್ನ ಚುಕ್ಕೆ ಯಾವುದು ಎಂದು ಚಾಳೀಸು ಹಾಕಿಕೊಂಡು ಹುಡುಕುವಷ್ಟರಲ್ಲಿ ಆ ಹುಡುಗಿ ಎರಡು ಸಲ "ಹೆಲೋ" ಎಂದಳು.

ಉಳಿದ ಸೂಚನೆಗಳು ಮೊಬೈಲಿಗೆ ಬಂದವು. ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಕನ್ನಡದಲ್ಲಿ ಬರೆದುಕೊಂಡೆ. ಪೌಡರ್, ಸೆಂಟು, ಕ್ರೀಮು ಯಾವುದನ್ನೂ ಎದೆಗೆ, ಕಂಕುಳಿಗೆ ಹಚ್ಚಬಾರದು, ಎಕ್ಸ್-ರೇ ಫೋಟೋದಲ್ಲಿ ಬಿಳಿ ಚುಕ್ಕೆಯಾಗಿ ಬೀಳುತ್ತದೆ. ಮೇಲಿನ ಬಟ್ಟೆ ಬೇರೆ, ಕೆಳಗಿನದು ಬೇರೆ ಇದ್ದರೆ ಅನುಕೂಲ. ಕೊರಳಿನ ಸಾಮಾನು ಬಿಚ್ಚಿಡಬೇಕು. ಮೊದಲಿನ ಫೋಟೋಗಳಿದ್ದರೆ ತರಬೇಕು. ಊಟ ತಿಂಡಿ ಮಾಡಬಹುದು. ಕೊನೆಯದನ್ನು ಕೇಳಿ ಅತ್ತೆಯವರು ಮುಖ ಸಿಂಡರಿಸಿದರು.

"ಉಪಾಸ ಇಲ್ಲದ್ದು ಎಂಥಾ ತಪಾಸಣಿನಽ? ನನ್ನ ಕಣ್ಣಿಗೂ ಉಪಾಸ ಕೆಡವಿದ್ರು."

ಅವರಿಗೆ ಎಪ್ಪತ್ತಾರು. ಎಲ್ಲಿಗೆ, ಯಾಕೆ ಎಂದು ತಿಳಿಸದೆ ಈ ಮನೆಯಿಂದ ಒಂದು ಚಮಚವೂ ಹೊರಗೆ ಹೋಗುವಂತಿಲ್ಲ.

"ಎಕ್ಸ್-ರೇ ಅದ್ರಿ ಅತ್ಯಾರ."

"ಎಲ್ಲೀದು?"

"ಅಲ್ಲೀದು."

ಅವರು ಜಪಮಣಿಯನ್ನು ಕೈಯಲ್ಲೇ ನಿಲ್ಲಿಸಿ ನನ್ನನ್ನು ನೋಡಿದರು. "ನಿಮ್ಮಕ್ಕಗ ಆಗಿದ್ದು?"

"ಹೌದ್ರಿ. ನನಗೂ ಅದ ಏನಂತ ನೋಡ್ತಾರ."

"ಹಂಗಾದ್ರ ನಾನೂ ಬರ್ತೀನಿ. ಇಂಥಾದ್ದಕ್ಕ ಒಬ್ಬಾಕಿ ಹೋಗಬಾರದು." ನಮ್ಮ ಮನೆಯವರು ತಾವೂ ರಜೆ ಹಾಕಿ ಬರುವುದಾಗಿ ಹೇಳಿದ್ದರು. ಅತ್ತೆಯವರು ಮಗನಿಗೆ, "ನೀ ಬಂದ ಏನ ಮಾಡಾಂವ? ಗೋಡಿ ಮ್ಯಾಗಿನ ಚಿತ್ರಾ ನೋಡ್ಕೋತ ಕೂಡಾಂವ" ಎಂದು ಆ ಮಾತನ್ನು ಅಲ್ಲಿಗೇ ಮುಗಿಸಿದರು.

ಅವರು ಕೊಟ್ಟ ಮಂಗಳವಾರ ಬೆಳಿಗ್ಗೆ ಎಂದಿನಂತೆ ಐದೂವರೆಗೆ ಎದ್ದೆ. ಕುಕ್ಕರ್, ಚಪಾತಿ, ಇಬ್ಬರ ಡಬ್ಬಿ, ಅತ್ತೆಯವರ ಮೆತ್ತನ್ನ ಅನ್ನ. ಮನಸ್ಸಿನ ತುಂಬ ಹೆದರಿಕೆ ಇದ್ದರೂ ಮೆಂತೆಸೊಪ್ಪು ಸೋಸದೆ ಆಗುವುದಿಲ್ಲ. ಹೆದರುವುದಕ್ಕೂ ಸ್ವಲ್ಪ ಬಿಡುವು ಬೇಕು ನೋಡಿ. ಜಳಕ ಮಾಡಿ ನನ್ನ ಒಂದೇ ಒಂದು ಚೂಡಿದಾರ ಹಾಕಿಕೊಂಡೆ. ಬೆಳಗಿನ ವಾಕಿಂಗಿಗೆಂದು ಕೊಂಡದ್ದು. ಒಂಬತ್ತು ದಿನ ವಾಕಿಂಗ್ ಮಾಡಿದೆ, ಆ ಮೇಲೆ ಅದು ಕಪಾಟಿನಲ್ಲಿ ವಿಶ್ರಾಂತಿಯಲ್ಲಿತ್ತು. ಪೌಡರಿಲ್ಲದ ಮುಖ ಕನ್ನಡಿಯಲ್ಲಿ ಯಾರದೋ ಮುಖದ ಹಾಗೆ ಕಂಡಿತು, ನಿದ್ದೆಗೆಟ್ಟ ಯಾವಳೋ ಮಾಸ್ತರಿಣಿಯ ಹಾಗೆ.

ಇನ್ನು ತಾಳಿಯ ಪ್ರಶ್ನೆ. ನಮ್ಮಲ್ಲಿ ಕೊರಳು ಬರಿದಾಗಬಾರದು. ಕರಿಮಣಿ ಹರಿದು ಪೋಣಿಸಲು ಕೊಡುವಾಗ ಮೊದಲು ಅರಿಶಿಣ ಕೊಂಬು ಕಟ್ಟಿದ ದಾರವನ್ನು ಕೊರಳಿಗೆ ಹಾಕಿಕೊಂಡು, ಆಮೇಲೆ ತಾಳಿಯನ್ನು ತೆಗೆಯುವುದು. ಅತ್ತೆಯವರು ನನ್ನನ್ನು ದೇವರ ಮುಂದೆ ಕೂಡಿಸಿದರು. ಕೊಂಬು ಕಟ್ಟಿದರು, ತಾಳಿ ಬಿಚ್ಚಿ ದೇವರ ತಟ್ಟೆಯಲ್ಲಿಟ್ಟರು. ಜೇಜುರಿಯ ಗುಡಿಯಿಂದ ತಂದ ಭಂಡಾರದ ಡಬ್ಬಿ ತೆಗೆದರು. ನಮ್ಮ ಮನೆದೇವರು ಖಂಡೋಬಾ, ಅಂದರೆ ನಮ್ಮ ಮೈಲಾರನೇ. ಆ ಹಳದಿ ಪುಡಿಯಿಲ್ಲದೆ ಮನೆಯಲ್ಲಿ ಯಾವ ಪರೀಕ್ಷೆಯೂ ನಡೆದಿಲ್ಲ. ಹಣೆಗೆ ಹಚ್ಚಿದರು. ದಾರಕ್ಕೆ ಸವರಿದರು. ಆಮೇಲೆ ನಾನು ನೆನೆಸದೆ ಇದ್ದದ್ದು ನಡೆಯಿತು. ಮತ್ತೊಂದು ಚಿಟಿಕೆ ತೆಗೆದುಕೊಂಡು, ನನ್ನ ಕುರ್ತಾದ ಕೊರಳಿನಿಂದ ಕೈ ಇಳಿಸಿ, ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಎಣ್ಣೆ ನೀರು ಹಾಕಿದ ಕೂಸಿಗೆ ಸವರುವ ಹಾಗೆ ಸವರಿದರು. "ಮಾರ್ತಂಡಾ, ಕಾಯಪಾ" ಎಂದರು.

ಇಪ್ಪತ್ತಾರು ವರ್ಷದಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದು ನಮಸ್ಕಾರದಲ್ಲಿ, ಹಬ್ಬದ ಕುಂಕುಮದಲ್ಲಿ, ಅವರಿಗೆ ಜ್ವರ ಬಂದಾಗ. ಆ ಒರಟು ಬೆರಳುಗಳು ಈಗ ಅಲ್ಲಿಗೆ ಬಂದಿವೆ ಎಂಬುದೊಂದೇ ನನಗೆ ತಿಳಿಯುತ್ತಿತ್ತು. ಬೇರೆ ಯಾವ ವಿಚಾರವೂ ತಲೆಗೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ನಮ್ಮ ಬಿಬವೇವಾಡಿಯಿಂದ ಕ್ಯಾಂಪ್ ಬಡಾವಣೆಗೆ ರಿಕ್ಷಾ. ಮಾರ್ಕೆಟ್ ಯಾರ್ಡಿನ ಹತ್ತಿರ ಉಳ್ಳಾಗಡ್ಡಿ ಲಾರಿಗಳ ಹಿಂದೆ ಇಪ್ಪತ್ತು ನಿಮಿಷ ನಿಂತೆವು. ಅತ್ತೆಯವರು ರಿಕ್ಷಾದವನ ಜೊತೆ ಅವನ ಊರು, ಅವನ ಹೆಂಡತಿಯ ಊರು, ಅಲ್ಲಿನ ಬೆಲ್ಲದ ಬಣ್ಣ ಎಲ್ಲ ಮಾತಾಡಿದರು. ನಾನು ಕಣ್ಣು ಮುಚ್ಚಿ ಕೂತಿದ್ದೆ. ನಿದ್ದೆಯೇ ಬರುತ್ತಿತ್ತು, ನಿಜ ಹೇಳುತ್ತೇನೆ. ದೊಡ್ಡ ಹೆದರಿಕೆಯ ಹೊತ್ತಿನಲ್ಲಿ ನನಗೆ ನಿದ್ದೆ ಬರುತ್ತದೆ. ಹೆರಿಗೆಯ ಕೋಣೆಯಲ್ಲೂ ಆಕಳಿಸಿ ನರ್ಸಮ್ಮನ ಹತ್ತಿರ ಬೈಸಿಕೊಂಡವಳು ನಾನು.

ತಪಾಸಣೆಯ ಜಾಗ ಹೊಸದಾಗಿ ಬಣ್ಣ ಹೊಡೆದ ಎರಡನೇ ಮಾಳಿಗೆಯಲ್ಲಿತ್ತು. ಒಂದು ಫಾರ್ಮ್ ಕೊಟ್ಟರು. ಮನೆಯಲ್ಲಿ ಯಾರಿಗಾದರೂ ಈ ರೋಗ ಇದೆಯೇ? ಇದೆ. ಯಾರಿಗೆ? ಅಲ್ಲಿ ಇಂಗ್ಲಿಷಿನಲ್ಲಿ 'ಸಿಸ್ಟರ್' ಎಂದು ಬರೆದೆ. ಬರೆದು ನೋಡಿದರೆ ಅದು ಅಕ್ಕನ ಹಾಗೆ ಕಾಣಲಿಲ್ಲ. ಯಾರೋ ದೂರದವರ ಹಾಗೆ ಕಂಡಿತು.

ಒಳಗೆ ಹೆಂಗಸರಿಗೇ ಬೇರೆ ಕೋಣೆ. ಕುರ್ತಾ ತೆಗೆದು, ಮುಂದೆ ಕಟ್ಟಿಕೊಳ್ಳುವ ಒಂದು ಬಿಳಿ ಅಂಗಿ ಹಾಕಿಕೊಳ್ಳಬೇಕು. ಫೋಟೋ ತೆಗೆಯುವವಳು ಮೂವತ್ತರ ಆಸುಪಾಸಿನ ಮರಾಠಿ ಹೆಣ್ಣುಮಗಳು, ಹೆಸರು ಸ್ನೇಹಲ್. ಬಾಗಿಲಲ್ಲೇ "ಯಾ ಕಾಕೂ, ಯಾ" ಎಂದು ಕೈ ಹಿಡಿದು ಕರೆದುಕೊಂಡಳು. ಪೌಡರ್ ಹಚ್ಚಿದ್ದೀರಾ ಎಂದು ಕೇಳಿದಳು. ನಾನು ಸ್ವಲ್ಪ ಗರ್ವದಿಂದಲೇ "ನಾಹೀ, ನಾಹೀ" ಎಂದೆ. ರಬ್ಬರ್ ಬ್ಯಾಂಡಿನ ಕಥೆಯನ್ನೂ ಹೇಳುವವಳಿದ್ದೆ. ಕೊರಳಿನ ದಾರ ನೋಡಿ ನಕ್ಕಳು. ಅವಳ ಅತ್ತೆಯೂ ಹೀಗೇ ಕೊಂಬು ಕಟ್ಟುತ್ತಾರಂತೆ. "ಇರಲಿ ಬಿಡಿ, ತೆಗೆಯಬೇಡಿ" ಎಂದು ತನ್ನ ಭಾಷೆಯಲ್ಲಿ ಹೇಳಿ, ಕೊಂಬನ್ನು ನನ್ನ ಬೆನ್ನಿಗೆ ಜೋತುಬಿಟ್ಟಳು. ಆ ಕೋಣೆಯ ದೀಪ ಮಂದವಾಗಿತ್ತು. ಅಷ್ಟು ಮಂದ ಬೆಳಕಿನಲ್ಲಿ ನನ್ನ ಗೋಧಿಬಣ್ಣದ ಮೈಮೇಲಿನ ಹಳದಿ ಅವಳಿಗೂ ಕಾಣಲಿಲ್ಲ, ನನಗೂ ನೆನಪಾಗಲಿಲ್ಲ.

ಯಂತ್ರದ ಬಗ್ಗೆ ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಅದು ನಮ್ಮಷ್ಟೇ ಎತ್ತರದ ಒಂದು ಕಂಬ, ಎದೆಯ ಮಟ್ಟಕ್ಕೆ ಒಂದು ಹಲಗೆ, ಮೇಲಿನಿಂದ ಇಳಿಯುವ ಗಾಜಿನಂಥ ಇನ್ನೊಂದು ಹಲಗೆ. ಹಪ್ಪಳ ಒತ್ತುವ ಮಣೆ ಎಂದುಕೊಳ್ಳಿ. ಹಿಟ್ಟಿನ ಉಂಡೆ ನಾವು. ಎರಡೂ ಬದಿಗೆ ಎರಡೆರಡು ಫೋಟೋ, ಮೇಲಿನಿಂದ ಒಂದು, ಓರೆಯಾಗಿ ಒಂದು. ಹಲಗೆ ಇಳಿದು ಬಿಗಿಯಾಗುತ್ತದೆ, ಉಸಿರು ಹಿಡಿಯಿರಿ ಎನ್ನುತ್ತಾರೆ, ಹತ್ತು ಎಣಿಸುವುದರೊಳಗೆ ಬಿಡುತ್ತದೆ. ನೋವು? ಬಳೆಗಾರರು ಸಣ್ಣ ಅಳತೆಯ ಬಳೆ ಏರಿಸುವಾಗ ಮುಂಗೈ ಹಿಂಡುತ್ತಾರಲ್ಲ, ಆ ಜಾತಿಯ ನೋವು. ಕಣ್ಣಲ್ಲಿ ನೀರು ಬರುವಷ್ಟರಲ್ಲಿ ಬಳೆ ಏರಿರುತ್ತದೆ. ಇಷ್ಟಕ್ಕೆ ಎರಡು ವರ್ಷ ಕಾಯಿಸಿದೆನಲ್ಲ ಎಂದು ನಾಚಿಕೆಯಾಯಿತು.

ಸ್ನೇಹಲಳ ಕೆಲಸದ ರೀತಿಯೇ ಬೇರೆ. ಹಲಗೆ ಇಳಿಸುತ್ತ, ಭುಜ ತಿರುಗಿಸುತ್ತ, ಗದ್ದ ಎತ್ತುತ್ತ, ಬಾಯಿ ನಿಲ್ಲಿಸುವುದೇ ಇಲ್ಲ. ಇವತ್ತು ಏನು ಭಾಜಿ ಮಾಡಿದಿರಿ ಕಾಕೂ? ಮೆಂತೆಯೇ? ಬೇಳೆ ಹಾಕಿ ಮಾಡುತ್ತೀರೋ, ಹಾಗೇ ಹುರಿಯುತ್ತೀರೋ? ಕಹಿ ಆಗುವುದಿಲ್ಲವೇ? ನಾನು ಶೇಂಗಾಪುಡಿ ಹಾಕುತ್ತೇನೆ ಎನ್ನುವುದರಲ್ಲಿ ಹಲಗೆ ಬಿಗಿಯಾಗಿತ್ತು. ಎಷ್ಟು ಪುಡಿ ಎನ್ನುವುದರಲ್ಲಿ ಬಿಟ್ಟಿತ್ತು. ಮೈಯನ್ನು ಮರೆಸಲು ಅವಳು ಕಂಡುಕೊಂಡ ಉಪಾಯ ಅದು. ದಿನಕ್ಕೆ ಎಷ್ಟು ಮನೆಗಳ ಪಲ್ಯ ಅವಳ ಕಿವಿಗೆ ಬೀಳುತ್ತದೋ.

ಬಟ್ಟೆ ಬದಲಿಸಬೇಡಿ, ಸ್ವಲ್ಪ ಕೂಡಿರಿ ಎಂದು ಹೊರಗೆ ಕಳಿಸಿದಳು. ಹತ್ತು ನಿಮಿಷವಾದ ಮೇಲೆ ಮತ್ತೆ ಕರೆದಳು. ಎರಡೂ ಬದಿಯ ಒಂದೊಂದು ಫೋಟೋ ಇನ್ನೊಮ್ಮೆ ಬೇಕಂತೆ. ಹಲಗೆ ಇಳಿಯಿತು, ಭುಜ ತಿರುಗಿತು. ಈ ಸಲ ಅವಳು ಪಲ್ಯದ ಮಾತು ಎತ್ತಲಿಲ್ಲ.

ನಾನೇ, "ನಾಳೆ ಬದನಿಕಾಯಿ ಮಾಡಬೇಕು" ಎಂದು ನನಗೆ ಬಂದ ಮರಾಠಿಯಲ್ಲಿ ಹೇಳಿ ನೋಡಿದೆ. "ಹೋ ಕಾ", ಹೌದಾ, ಎಂದು ಕಂಪ್ಯೂಟರಿನ ತೆರೆಯ ಕಡೆ ನೋಡಿದಳು. ಏನೋ ಕಂಡಿದೆ, ಡಾಕ್ಟರು ನೋಡುತ್ತಿದ್ದಾರೆ ಎಂದಳು. ಅಷ್ಟೇ.

ಹೊರಗೆ ಬಂದು ಅತ್ತೆಯವರ ಪಕ್ಕದಲ್ಲಿ ಕೂತೆ.

"ಯಾಕ ಮತ್ತ ಕರದ್ರು?"

"ಏನೋ ಕಂಡದಂತ್ರಿ. ಡಾಕ್ಟರ್ ನೋಡಾಕತ್ತಾರಂತ."

ನಾನು ಮನಸ್ಸಿನಲ್ಲಿ ಮನೆಯನ್ನು ಹಂಚುತ್ತಿದ್ದೆ. ಚಪಾತಿಗೆ ಒಬ್ಬ ಕೆಲಸದ ಬಾಯಿಯನ್ನು ಗೊತ್ತು ಮಾಡಬೇಕು. ಅತ್ತೆಯವರ ಕಣ್ಣಿನ ಹನಿ ದಿನಕ್ಕೆ ಮೂರು ಸಲ, ಮಗಳಿಗೆ ತೋರಿಸಿಕೊಡಬೇಕು. ಗೋಧಿ ಹಿಟ್ಟು ಯಾವ ಗಿರಣಿಯದು ಎಂದು ಇವರಿಗೆ ಗೊತ್ತಿಲ್ಲ. ಅತ್ತರೆ ಎಷ್ಟೋ ವಾಸಿ ಇತ್ತು. ಅಳುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ. ಎಲ್ಲ ಹಂಚಿ ಮುಗಿದ ಮೇಲೆ ಉಳಿದದ್ದು ಒಂದೇ. ಅಕ್ಕನಿಗೆ ಯಾರು ಹೇಳುವುದು?

ಬಾಗಿಲು ತೆರೆದು ಸ್ನೇಹಲ್ ಬಂದಳು, ಕೈಯಲ್ಲಿ ಒದ್ದೆ ಹತ್ತಿ. ಹೊರಗಿನ ಕೋಣೆಯ ಬಿಳಿ ದೀಪದಲ್ಲಿ ನನ್ನ ಅಂಗಿಯ ಒಳಮೈ ನೋಡಿ ನಿಂತುಬಿಟ್ಟಳು. ಬಿಳಿ ಬಟ್ಟೆಗೆ ಹಳದಿ ಹತ್ತಿತ್ತು.

"ಕಾಕೂ, ಹೇ ಪಿವಳಂ ಕಾಯ್?" ಇದೇನು ಹಳದಿ?

ನಾನು ನೋಡಿಕೊಂಡೆ. ಅತ್ತೆಯವರೂ ನೋಡಿದರು. "ಭಂಡಾರ" ಎಂದರು.

ಸ್ನೇಹಲ್ ಹಣೆಗೆ ಕೈ ಹಚ್ಚಿಕೊಂಡಳು. ಪೌಡರ್ ಹಚ್ಚಬೇಡಿ ಎಂದು ಅಷ್ಟು ಹೇಳಿದ್ದೆವಲ್ಲ ಆಜಿ! ಫೋಟೋ ತುಂಬ ಬಿಳಿ ಚುಕ್ಕೆಗಳು. ಡಾಕ್ಟರು ಅರ್ಧ ತಾಸಿನಿಂದ ಅದನ್ನೇ ನೋಡುತ್ತಿದ್ದಾರೆ.

"ಭಂಡಾರ ಅಂದ್ರ ಪೌಡರ್ ಏನಽ?" ಅತ್ತೆಯವರು ನನ್ನ ಕಡೆ ತಿರುಗಿದರು. "ಅದು ದೇವರಲ್ಲಾ? ಹೇಳಾಕಿಗೆ, ಅದು ದೇವರು ಅಂತ." ಆಮೇಲೆ ತಾವೇ ತಮ್ಮ ಮುರುಕು ಮರಾಠಿಯಲ್ಲಿ, "ಪಾವಡರ್ ನಾಹೀ, ದೇವ ಆಹೇ" ಎಂದರು.

"ಮಶೀನಿಗೆ ದೇವರು ಗೊತ್ತಾಗುವುದಿಲ್ಲ ಆಜಿ" ಎಂದಳು ಅವಳು, ನಗಬೇಕೋ ಸಿಟ್ಟು ಮಾಡಬೇಕೋ ತಿಳಿಯದೆ.

"ಹಾಗಾದರೆ ಆ ಚುಕ್ಕೆಗಳೆಲ್ಲ ಇದರದೇ?" ಎಂದು ನಾನು ಕೇಳಿದೆ. ಅವಳು ನನ್ನ ಮುಖ ನೋಡಿದಳು. ಇದರದೇ ಇರಬಹುದು. ಇಲ್ಲದೆಯೂ ಇರಬಹುದು. ಒರೆಸಿ ಇನ್ನೊಮ್ಮೆ ತೆಗೆಯೋಣ ಎಂದಳು. ಸುಳ್ಳು ಸಮಾಧಾನ ಹೇಳಲಿಲ್ಲ. ಅದಕ್ಕೆ ಅವಳ ಮೇಲೆ ಗೌರವ ಬಂದಿತು.

ಅವಳೇ ಒರೆಸಿದಳು, ಚರ್ಮದ ಮಡಿಕೆಗಳಲ್ಲೆಲ್ಲ, ಒಂದು ಹತ್ತಿ, ಎರಡು ಹತ್ತಿ, ಮೂರು. ಮತ್ತೆ ನಾಲ್ಕು ಫೋಟೋ. ಮತ್ತೆ ಬೆಂಚು.

ಅತ್ತೆಯವರು ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ಇಪ್ಪತ್ತಾರು ವರ್ಷದಲ್ಲಿ ಅವರು ತಮ್ಮದು ತಪ್ಪಾಯಿತು ಎಂದದ್ದನ್ನು ನಾನು ಕೇಳಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಅದು ಉಪ್ಪಿನ ತಪ್ಪು. ಈಗ ಅವರ ತುಟಿ ಅಲ್ಲಾಡುತ್ತಿತ್ತು. ಜಪ ಎಂದುಕೊಂಡೆ. ಬಗ್ಗಿ ಕೇಳಿದರೆ, "ತಪ್ಪು ನಂದಽ ಇರ್ಲೆಪಾ. ನಂದಽ ಇರ್ಲಿ. ನಾನಽ ಮಾಡೇನಿ, ನಂದಽ ಇರ್ಲಿ" ಎನ್ನುತ್ತಿದ್ದರು.

ನಾನು ಅವರ ಮುಷ್ಟಿಯ ಮೇಲೆ ಕೈ ಇಟ್ಟೆ. ನನಗೆ ಬೇರೆ ಪ್ರಾರ್ಥನೆ ಹೊಳೆಯಲಿಲ್ಲ. ಅದನ್ನೇ ನಾನೂ ಬೇಡಿಕೊಂಡೆ: ತಪ್ಪು ಇವರದೇ ಇರಲಿ.

ಡಾಕ್ಟರಮ್ಮ ಕರೆದರು. ನರೆತ ಕೂದಲಿನ, ಮೆಲ್ಲಗೆ ಮಾತಾಡುವ ಹೆಂಗಸು. ತೆರೆಯ ಮೇಲೆ ನನ್ನದೇ ಒಳಮೈ. ಕಪ್ಪು ಆಕಾಶದಲ್ಲಿ ಹರಡಿದ ಬೂದು ಮೋಡದ ಹಾಗೆ, ಚಂದವೇ ಇತ್ತು. ಮೊದಲಿನ ಫೋಟೋದಲ್ಲಿ ಆ ಮೋಡದ ತುಂಬ ಬಿಳಿ ಸಾಸಿವೆ ಚೆಲ್ಲಿದಂತೆ ಚುಕ್ಕೆಗಳು. ಹೊಸದರಲ್ಲಿ ಒಂದೂ ಇರಲಿಲ್ಲ. "ಕ್ಲಿಯರ್ ಇದೆ. ಏನೂ ಇಲ್ಲ" ಎಂದರು. ಅಕ್ಕನಿಗೆ ಬಂದಿದ್ದರಿಂದ ವರ್ಷಕ್ಕೊಮ್ಮೆ ಬರಲೇಬೇಕು ಎಂದರು. ನಡುವೆ ಏನಾದರೂ ಕೈಗೆ ಹತ್ತಿದರೆ, ಯಾರ ಮದುವೆಯಿದ್ದರೂ ಕಾಯಬಾರದು ಎಂದರು. ಮದುವೆಯ ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ. ಎಷ್ಟು ಅಕ್ಕಂದಿರನ್ನು ನೋಡಿದ್ದಾರೋ.

ಹೊರಗೆ ಬಂದು ಅತ್ತೆಯವರಿಗೆ, "ಏನೂ ಇಲ್ಲಂತ್ರಿ. ಎಲ್ಲಾ ನಿಮ್ಮ ತಪ್ಪಂತ" ಎಂದೆ.

ಅವರು ಎರಡೂ ಕೈಯಿಂದ ಗಲ್ಲ ಬಡಿದುಕೊಂಡು, ನಿಂತಲ್ಲೇ ಜೇಜುರಿಯ ದಿಕ್ಕು ಯಾವುದು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಸ್ನೇಹಲಳಿಗೂ ಗೊತ್ತಿರಲಿಲ್ಲ. ಲಿಫ್ಟಿನ ಕಡೆಗೆ ತಿರುಗಿ ಕೈಮುಗಿದರು. ಆಗಲೇ ಲಿಫ್ಟಿನಿಂದ ಇಳಿದ ಒಬ್ಬರು ಗಾಬರಿಯಿಂದ ತಾವೂ ಕೈಮುಗಿದರು.

ಮನೆ ಮುಟ್ಟಿದಾಗ ಮಧ್ಯಾಹ್ನ ಎರಡು. ಅತ್ತೆಯವರು ಬಂದವರೇ ತಾಳಿ ತಂದು ನನ್ನ ಕೊರಳಿಗೆ ಹಾಕಿ, ತಮ್ಮ ಕೋಣೆಗೆ ಹೋಗಿ ಮಲಗಿದರು. ನಾನು ಅಡುಗೆಮನೆಯಲ್ಲಿ ನಿಂತೇ ಅಕ್ಕನಿಗೆ ಫೋನ್ ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದಳು.

"ಏನೂ ಇಲ್ಲಂತ ಅಕ್ಕಾ."

"ಖರೇ?"

"ಖರೇ. ನಿನ್ನಾಣಿ."

ಭಂಡಾರದ ಕಥೆ ಹೇಳಿದೆ. ಅತ್ತೆಯವರ "ದೇವ ಆಹೇ" ಹೇಳಿದೆ, ಲಿಫ್ಟಿಗೆ ಕೈಮುಗಿದದ್ದನ್ನು ಹೇಳಿದೆ. ಅಕ್ಕ ನಕ್ಕಳು. ಕೆಮ್ಮು ಬರುವ ತನಕ ನಕ್ಕಳು. ಆಮೇಲೆ ಆ ಕಡೆ ಬಾಗಿಲು ಮುಚ್ಚಿದ ಸಪ್ಪಳ ಕೇಳಿತು.

"ನೀಲಿ, ಒಂದು ಹೇಳ್ತೀನಿ. ಸಿಟ್ಟ ಆಗಬ್ಯಾಡ."

"ಹೇಳು."

"ಹೋಗು ಹೋಗು ಅಂತ ನಿನಗ ಅಷ್ಟ ಗಂಟ ಬಿದ್ದೆ ಹೌದಿಲ್ಲೋ? ನಿನಗೇನೂ ಆಗಬಾರದು ಅಂತಽ ಅಂತಿದ್ದೆ. ಆದ್ರ ಒಂದೆರಡ ಸಲ... ಜಳಕಾ ಮಾಡೂ ಮುಂದ... ನಿನಗೂ ಬರಲಿ ಅನಸ್ತು. ಬಂದ್ರ ನಾ ಒಬ್ಬಾಕಿ ಆಗಂಗಿಲ್ಲಲಾ ಅಂತ. ಅನಸ್ತು ನೋಡು. ಆಮ್ಯಾಲ ಬಚ್ಚಲದಾಗಽ ಕುಂತ ಅತ್ತೀನಿ."

ಸಿಟ್ಟನ್ನು ಹುಡುಕಿದೆ, ಸಿಗಲಿಲ್ಲ. ದಣಿವು ಸಿಕ್ಕಿತು, ನನ್ನದಷ್ಟೇ ಅಲ್ಲ, ಅವಳದೂ. ಎರಡು ವರ್ಷ ನಾನು ಅವಳ ಔಷಧಿ ಕೇಳಿದ್ದೆ, ರಿಪೋರ್ಟ್ ಕೇಳಿದ್ದೆ, ಗುಂಗುರು ಕೂದಲಿನ ಚೇಷ್ಟೆ ಮಾಡಿದ್ದೆ. ಜಳಕದ ಹೊತ್ತಿಗೆ ಅವಳು ತನ್ನ ಮೈ ನೋಡಿಕೊಳ್ಳುತ್ತಾಳೆ ಎಂಬುದು ನನ್ನ ತಲೆಗೆ ಬಂದಿರಲಿಲ್ಲ. ಬಂದಿದ್ದರೂ ಕೇಳಲು ನನ್ನ ಹತ್ತಿರ ಮಾತಿರಲಿಲ್ಲ.

"ಅಕ್ಕಾ, ಅದು ಹೆಂಗ ಅದ ಈಗ?" ಎಂದೆ.

"ಯಾವ್ದು?"

'ಅಲ್ಲೀದು' ಎನ್ನಲು ಬಾಯಿ ತೆರೆದಿದ್ದೆ. ಎನ್ನಲಿಲ್ಲ. ನಮ್ಮ ಅವ್ವ ಎಂದೂ ಆಡದ ಆ ಮಾತನ್ನು, ಐವತ್ತು ವರ್ಷದ ನಾನು, ಅಡುಗೆಮನೆಯಲ್ಲಿ ನಿಂತು, ಹೆಸರು ಹಿಡಿದು ಕೇಳಿದೆ. "ನಿನ್ನ ಎಡಗಡೆ ಮೊಲಿ. ತಗದಾರಲಾ, ಅಲ್ಲೆ ಗಾಯ ಹೆಂಗ ಅದ? ನೋಯ್ತದೇನು? ನೋಡ್ಕೋತಿ ಏನ ನೀ ಅದನ್ನ?"

"ಯಾರೂ ಕೇಳಿಲ್ಲ ನೋಡು ಇದನ್ನ" ಎಂದಳು ಅಕ್ಕ. "ನಮ್ಮ ಮನಿಯವರೂ ಕೇಳಿಲ್ಲ." ಆಮೇಲೆ, "ಹೊತ್ತಾಗತದ ಹೇಳಾಕ. ನಿನಗ ಕೆಲಸ ಅದ ಏನು?" ಎಂದು ಕೇಳಿದಳು.

ಸಿಂಕಿನ ತುಂಬ ಬೆಳಗಿನ ಪಾತ್ರೆಗಳಿದ್ದವು. ಬಟ್ಟೆ ಒಣಹಾಕುವುದಿತ್ತು. ಹೊಟ್ಟೆಗೆ ಬೆಳಿಗ್ಗೆಯಿಂದ ಒಂದು ಕಪ್ಪು ಚಹಾ ಬಿಟ್ಟರೆ ಏನೂ ಬಿದ್ದಿರಲಿಲ್ಲ.

"ಇಲ್ಲ" ಎಂದು, ಫ್ರಿಜ್ಜಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ.